ಸೆಟಪ್ ಪರದೆ ತೆರೆಯದ ಲ್ಯಾಪ್‌ಟಾಪ್

ಲ್ಯಾಪ್‌ಟಾಪಿನ ಮದರ್‌ಬೋರ್ಡಿನ ಮೇಲೆ, ಕಿರುಬೆರಳ ಉಗುರಿನಷ್ಟೂ ಅಗಲವಿಲ್ಲದ, ಎಂಟು ಕಾಲಿನ ಒಂದು ಚಿಪ್ ಇರುತ್ತದೆ. ಪವರ್ ಬಟನ್ ಒತ್ತಿದಾಗ ಪ್ರೊಸೆಸರ್ ಮೊದಲು ಹುಡುಕಿಕೊಂಡು ಹೋಗುವುದು ಅದರಲ್ಲಿರುವ ಪ್ರೋಗ್ರಾಮನ್ನು. ಮೆಮೊರಿ, ಕೀಬೋರ್ಡ್, ಡಿಸ್ಕ್, ಪರದೆಗಳನ್ನು ಎಬ್ಬಿಸಿ, ವಿಂಡೋಸನ್ನೋ ಲಿನಕ್ಸನ್ನೋ ಕರೆದು, ಯಂತ್ರವನ್ನು ಅದರ ಕೈಗೆ ಒಪ್ಪಿಸುವುದು ಈ ಪ್ರೋಗ್ರಾಮಿನ ಕೆಲಸ. ಹೊಸ ಯಂತ್ರಗಳಲ್ಲಿರುವುದು ಯುಇಎಫ್‌ಐ ಆದರೂ ರಿಪೇರಿ ಅಂಗಡಿಗಳಲ್ಲಿ ಇವತ್ತಿಗೂ ಅದು ಬಯಾಸ್. ಇದಕ್ಕೊಂದು ಸೆಟಪ್ ಪರದೆ ಉಂಟು. ಗಡಿಯಾರ, ಪಾಸ್‌ವರ್ಡ್, ಯಾವ ಡಿಸ್ಕಿನಿಂದ ಶುರುವಾಗಬೇಕು ಎಂಬ ಸರದಿ, ನಂಬಿಕೆಯ ಪ್ರೋಗ್ರಾಮುಗಳಷ್ಟೇ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಎಲ್ಲ ಅಲ್ಲಿವೆ. ವಿಂಡೋಸ್ ಪೂರ್ತಿ ಕೆಟ್ಟರೂ, ಹಾರ್ಡ್ ಡಿಸ್ಕನ್ನೇ ಬಿಚ್ಚಿ ತೆಗೆದರೂ ಈ ಪರದೆ ತೆರೆಯಬೇಕು. ತೆರೆಯದಿದ್ದರೆ ಕಾರಣ ಏಳೆಂಟು ಬಗೆಯದಿರಬಹುದು. ಅವನ್ನು ಅಡ್ಡಾದಿಡ್ಡಿ ಹುಡುಕುವುದಕ್ಕಿಂತ, ಆ ಪರದೆಗೆ ಹೋಗುವ ದಾರಿ ಕಾಲಕಾಲಕ್ಕೆ ಹೇಗೆ ಬದಲಾಯಿತೆಂದು ತಿಳಿದು ಹುಡುಕುವುದು ಸಲೀಸು. ಒಂದೊಂದು ತೊಡಕೂ ಒಂದೊಂದು ಕಾಲದಲ್ಲಿ ಹುಟ್ಟಿದ್ದು.

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನಲ್ಲಿ ಈ ಪರದೆಯ ಅಗತ್ಯ ಈಚೆಗೆ ಹೆಚ್ಚಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು ಎನ್ನುತ್ತದೆ. ಊರಲ್ಲಿರುವುದು ಬಹುಪಾಲು ಅದಕ್ಕಿಂತ ಹಳೆಯ ಯಂತ್ರಗಳು. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟು, ತುಮಕೂರಿನ ಅಂಗಡಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಚೀಲದೊಳಗೆ ಬಂದಂಥವು. ಅವಕ್ಕೆ ಮರುಜೀವ ಕೊಡಬೇಕೆಂದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಬೇಕು, ಹಾಕಬೇಕೆಂದರೆ ಸೆಟಪ್‌ಗೆ ಹೋಗಬೇಕು. ಈ ಲೇಖಕನ ಅಣ್ಣನ ಮಗಳು ಕೊಂಡದ್ದೂ ಅಂಥದ್ದೇ ಒಂದು. ಅವಳ ದೂರು ಚಿಕ್ಕದು: “ಚಿಕ್ಕಪ್ಪ, ಎಫ್‌2 ಒತ್ತಿದ್ರೆ ವಿಂಡೋಸ್ ಬಂದು ಸೌಂಡ್ ಕಮ್ಮಿ ಆಯ್ತದೆ, ಇನ್ನೇನೂ ಆಗಲ್ಲ.” ಬಳಸುವವರು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಅರ್ಧ ಪತ್ತೆ ಮುಗಿದಂತೆ, ಈ ದೂರಿನಲ್ಲೂ ಕಾರಣ ಇತ್ತು.

ಮೊದಮೊದಲು ಸೆಟಪ್ ಪರದೆಯೇ ಇರಲಿಲ್ಲ. ಬಯಾಸ್ ಎಂಬ ಹೆಸರು 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ಕಾರ್ಯಾಚರಣೆ ವ್ಯವಸ್ಥೆಯಿಂದ ಬಂತು. 1981ರ ಆಗಸ್ಟ್‌ನಲ್ಲಿ ಐಬಿಎಂ ಹೊರತಂದ ಪಿಸಿಯಲ್ಲಿ ಅದಕ್ಕೆ ಮೀಸಲಾಗಿದ್ದ ಜಾಗ 8 ಕಿಲೋಬೈಟ್. ಎಷ್ಟು ಮೆಮೊರಿ ಇದೆ, ಯಾವ ಮಾನಿಟರ್ ಇದೆ ಎಂಬುದನ್ನು ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ತಿಳಿಸಬೇಕಿತ್ತು. 1984ರ ಪಿಸಿ/ಎಟಿಯಲ್ಲಿ ಮೊಟೊರೋಲಾದ ಎಂಸಿ146818 ಎಂಬ ಗಡಿಯಾರದ ಚಿಪ್ ಬಂತು. ಅದರಲ್ಲಿ ಒಟ್ಟು 64 ಬೈಟ್ ಜಾಗ. ಗಡಿಯಾರಕ್ಕೆ 14 ಹೋಗಿ ಮಿಕ್ಕ 50 ಬೈಟ್‌ನಲ್ಲಿ ಯಂತ್ರದ ಸೆಟ್ಟಿಂಗ್ ಅಷ್ಟೂ ಕೂರಬೇಕಿತ್ತು. ಕರೆಂಟಿಲ್ಲದಾಗ ಅದನ್ನು ಉಳಿಸಲು ಒಂದು ಬ್ಯಾಟರಿ. ಆದರೆ ಈ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ ಇದ್ದದ್ದು ಯಂತ್ರದೊಳಗಲ್ಲ, ಜೊತೆಗೆ ಕೊಡುತ್ತಿದ್ದ ಫ್ಲಾಪಿಯಲ್ಲಿ. ಫ್ಲಾಪಿ ಕಳೆದವನಿಗೆ ಸೆಟಪ್ಪೂ ಇಲ್ಲ. ‘ಸೆಟಪ್ ತೆರೆಯುತ್ತಿಲ್ಲ’ ಎಂಬ ದೂರಿನ ಮೂಲಪುರುಷ ಅವನೇ ಇರಬೇಕು.

ಪ್ರೋಗ್ರಾಂ ಚಿಪ್ಪಿನೊಳಗೇ ಸೇರಿಕೊಂಡದ್ದು ಆಮೇಲೆ, ಐಬಿಎಂಗೆ ಸರಿಸಾಟಿಯಾದ ಬಯಾಸ್ ಬರೆದು ಮಾರುವ ಕಂಪನಿಗಳ ಕಾಲದಲ್ಲಿ. ಕಾಂಪ್ಯಾಕ್ ತನ್ನದನ್ನು ತಾನೇ ಬರೆದುಕೊಂಡಿತು. ಫೀನಿಕ್ಸ್ 1984ರಲ್ಲಿ ಎಲ್ಲರಿಗೂ ಮಾರಲು ಹೊರಟಿತು. 1985ರಲ್ಲಿ ಎಸ್. ಶಂಕರ್ ಮತ್ತು ಪ್ಯಾಟ್ ಶರ್ಮಾ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಮೆರಿಕನ್ ಮೆಗಾಟ್ರೆಂಡ್ಸ್ ಕಟ್ಟಿದರು. ಅದರ ಒಂದು ಶಾಖೆ ಇಲ್ಲೇ ಚೆನ್ನೈಯಲ್ಲಿದೆ. ಅವಾರ್ಡ್ ಎಂಬುದು ಇನ್ನೊಂದು. ಮೆಗಾಟ್ರೆಂಡ್ಸ್ ಮತ್ತು ಅವಾರ್ಡ್ ಬಯಾಸ್‌ಗಳಲ್ಲಿ ಸಾಮಾನ್ಯವಾಗಿ ಡಿಲೀಟ್ ಕೀಲಿ, ಫೀನಿಕ್ಸ್‌ನಲ್ಲಿ ಎಫ್‌2, ಕಾಂಪ್ಯಾಕ್‌ನಲ್ಲಿ ಎಫ್‌10. 2002ರಲ್ಲಿ ಎಚ್‌ಪಿ ಕಾಂಪ್ಯಾಕನ್ನು ಕೊಂಡಿತು, ಎಚ್‌ಪಿ ಲ್ಯಾಪ್‌ಟಾಪುಗಳಲ್ಲಿ ಇಂದಿಗೂ ಎಫ್‌10. ಡೆಲ್ ಮತ್ತು ಏಸರ್‌ನಲ್ಲಿ ಎಫ್‌2, ಥಿಂಕ್‌ಪ್ಯಾಡಿನಲ್ಲಿ ಎಫ್‌1, ಲೆನೊವೊದ ಹಲವು ಮಾದರಿಗಳಲ್ಲಿ ಪಕ್ಕದಲ್ಲೊಂದು ಸೂಜಿರಂಧ್ರ. ಹೀಗಾಗಿ ತೆರೆಯದ ಸೆಟಪ್‌ಗೆ ಮೊದಲ ಪರೀಕ್ಷೆ ಬಹಳ ಸಾದಾ: ಒತ್ತುತ್ತಿರುವುದು ಆ ಕಂಪನಿಯ ಕೀಲಿಯೇ?

ಸರಿಯಾದ ಕೀಲಿ ಒತ್ತಲು ಆಗೆಲ್ಲ ಬೇಕಾದಷ್ಟು ಹೊತ್ತೂ ಸಿಗುತ್ತಿತ್ತು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೋಣೆ ಬಂದದ್ದು 2000ದ ದಶಕದ ಆರಂಭದಲ್ಲಿ, ಮಾಹಿತಿ ಸಿಂಧುವಿನಂಥ ಯೋಜನೆಗಳ ಮೂಲಕ. ಚಪ್ಪಲಿ ಹೊರಗೆ ಬಿಡಬೇಕು, ಹೊದಿಸಿದ ಬಟ್ಟೆಯನ್ನು ಮಡಿಸಿಡಬೇಕು. ಆಯುಧಪೂಜೆಗೆ ಸಿಪಿಯು ಡಬ್ಬಿಗೆ ಅರಿಶಿನ ಕುಂಕುಮ. ಈ ಲೇಖಕ ಸೆಟಪ್ ಪರದೆಯನ್ನು ಮೊದಲು ಕಂಡದ್ದು ಅಂಥ ಕೋಣೆಯಲ್ಲಿ. ಕಪ್ಪು ಪರದೆಯ ಮೇಲೆ ಮೆಮೊರಿಯ ಲೆಕ್ಕ ಸರಸರ ಏರುತ್ತಿತ್ತು, ಕೆಳಗಿನ ಸಾಲಿನಲ್ಲಿ ಡಿಲೀಟ್ ಒತ್ತಿ ಎಂಬ ಸೂಚನೆ ನಿಂತಿರುತ್ತಿತ್ತು, ಆ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದ ಮೇಲೂ ಒತ್ತಲು ಸಮಯ ಉಳಿಯುತ್ತಿತ್ತು. ದಿನಕ್ಕೆ ಹತ್ತು ಸಲ ಕರೆಂಟು ಹೋಗಿಬರುತ್ತಿದ್ದುದರಿಂದ ಮೊದಲ ಪರದೆಯ ದರ್ಶನಕ್ಕೂ ಬರವಿರಲಿಲ್ಲ. ಬೇಸಿಗೆ ರಜೆ ಕಳೆದು ಜೂನ್‌ನಲ್ಲಿ ಕೋಣೆ ತೆಗೆದರೆ ನಾಲ್ಕಾರು ಯಂತ್ರಗಳು ‘ಸಿಮೋಸ್ ಚೆಕ್‌ಸಮ್’ ತಪ್ಪಿದೆಯೆಂದು ಹೇಳಿ ಮುಂದೆ ಹೋಗದೆ ನಿಲ್ಲುತ್ತಿದ್ದವು. ಸೆಟ್ಟಿಂಗ್ ಉಳಿಸುವ, ರೂಪಾಯಿ ಬಿಲ್ಲೆಯಗಲದ ಸಿಆರ್2032 ಬ್ಯಾಟರಿ ಸತ್ತಿರುತ್ತಿತ್ತು, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತಿತ್ತು.

ತಾರೀಖು ಹಿಂದೆ ಬೀಳುವುದು ಆಗ ತಮಾಷೆಯ ವಿಷಯ, ಈಗ ಕೆಲಸ ನಿಲ್ಲಿಸುವ ವಿಷಯ. ಪಹಣಿ ತೆಗೆದುಕೊಡುವ ಜೆರಾಕ್ಸ್ ಅಂಗಡಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಇದ್ದೂ ಒಂದೇ ಒಂದು ಸರ್ಕಾರಿ ತಾಣ ತೆರೆಯದಿದ್ದರೆ ಮೊದಲು ನೋಡಬೇಕಾದ್ದು ಮೂಲೆಯ ಗಡಿಯಾರವನ್ನು. ತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಯಂತ್ರ ತಾನಿನ್ನೂ 2015ರಲ್ಲಿದ್ದೇನೆಂದು ತಿಳಿದಿದ್ದರೆ ಬ್ರೌಸರ್ ಆ ಪತ್ರವನ್ನು ನಂಬುವುದಿಲ್ಲ. ಸರದಿಯಲ್ಲಿ ನಿಂತ ರೈತ ‘ಸರ್ವರ್ ಡೌನ್’ ಎಂದುಕೊಂಡು ಮನೆಗೆ ಹೋಗುತ್ತಾನೆ.

ಸೆಟಪ್‌ನ ದಾರಿ ನಿಜವಾಗಿ ಕಿರಿದಾದದ್ದು 2012ರಲ್ಲಿ. ಅಷ್ಟರಲ್ಲಿ ಬಯಾಸಿನ ಜಾಗಕ್ಕೆ ಯುಇಎಫ್‌ಐ ಬಂದಿತ್ತು. ಇಂಟೆಲ್ ತನ್ನ ಇಟಾನಿಯಂ ಪ್ರೊಸೆಸರಿಗಾಗಿ 1990ರ ದಶಕದ ಕೊನೆಯಲ್ಲಿ ಶುರುಮಾಡಿದ್ದ ಕೆಲಸವನ್ನು 2005ರಿಂದ ಹಲವು ಕಂಪನಿಗಳ ಒಕ್ಕೂಟ ಮುಂದುವರಿಸಿತು. 2012ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8ರ ದೊಡ್ಡ ಹೆಮ್ಮೆ ವೇಗ. ಎಸ್‌ಎಸ್‌ಡಿ ಇರುವ ಕೆಲವು ಯಂತ್ರಗಳಲ್ಲಿ ಕೀಲಿ ಒತ್ತಲು ಸಿಗುವ ಅವಕಾಶ 200 ಮಿಲಿಸೆಕೆಂಡಿಗಿಂತಲೂ ಕಡಿಮೆ ಎಂದು ಮೈಕ್ರೋಸಾಫ್ಟೇ ಆಗ ಹೇಳಿಕೊಂಡಿತು. ಸೆಕೆಂಡಿನ ಐದನೇ ಒಂದು ಭಾಗ! ಕೀಲಿಯನ್ನು ಟಪಟಪ ಕುಟ್ಟುವವರ ಬೆರಳಿಗೂ ಎಟಕದ ಹೊತ್ತು. ಇಷ್ಟು ಸಾಲದೆಂಬಂತೆ ಹಲವು ಯಂತ್ರಗಳ ಫರ್ಮ್‌ವೇರ್ (ಚಿಪ್ಪಿನೊಳಗಿನ ಆ ಪ್ರೋಗ್ರಾಂ), ಸಮಯ ಉಳಿಸಲು, ಯುಎಸ್‌ಬಿ ಕೀಬೋರ್ಡನ್ನು ಎಬ್ಬಿಸುವುದನ್ನೇ ಬಿಟ್ಟುಬಿಡುತ್ತದೆ. ಹೊರಗಿನ ಕೀಬೋರ್ಡ್ ಸಿಕ್ಕಿಸಿ ಎಷ್ಟು ಒತ್ತಿದರೂ ಆಗ ಕೇಳುವವರಿಲ್ಲ.

ಇದೇ ವಿಂಡೋಸ್‌ನ ಇನ್ನೊಂದು ಕೊಡುಗೆ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಮಾಡಿದಾಗ ತೆರೆದ ಪ್ರೋಗ್ರಾಮುಗಳನ್ನಷ್ಟೇ ಮುಚ್ಚಿ, ವಿಂಡೋಸ್ ತನ್ನ ತಿರುಳನ್ನು ಇದ್ದ ಹಾಗೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಶಟರ್ ಅರ್ಧ ಎಳೆದು ಒಳಗೆ ಕೂತು ಲೆಕ್ಕ ಬರೆಯುವ ಅಂಗಡಿಯವರ ಹಾಗೆ. ಹೊರಗಿನವರಿಗೆ ಮುಚ್ಚಿದೆ, ಅವರಿಗೆ ಇಲ್ಲ. ಹೀಗೆ ಮಲಗಿ ಎದ್ದ ಯಂತ್ರ ಸೆಟಪ್‌ನ ಕೀಲಿಗೆ ಕಾಯದಿರಬಹುದು. ಪೂರ್ತಿ ಮುಚ್ಚಿ ತೆರೆಯುವುದು ಬೇಕಿದ್ದರೆ ಆರಿಸಬೇಕಾದ್ದು ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಕೊಟ್ಟರೂ ಆದೀತು. ‘ಆಫ್ ಮಾಡಿ ಆನ್ ಮಾಡಿ’ ಎಂಬ ಸರ್ವಕಾಲದ ಸಲಹೆ ಈ ಒಂದು ಕಡೆ ಕೈಕೊಡುತ್ತದೆ.

ಎಫ್‌2 ಒತ್ತಿದರೆ ಸೌಂಡ್ ಕಡಿಮೆಯಾಗುವುದಕ್ಕೆ ಬೇರೆ ಕಾರಣ. ಹಲವು ಲ್ಯಾಪ್‌ಟಾಪುಗಳಲ್ಲಿ ಮೇಲಿನ ಸಾಲಿನ ಕೀಲಿಗಳ ಮೊದಲ ಕೆಲಸ ಧ್ವನಿ, ಬೆಳಕು ಹೆಚ್ಚುಕಡಿಮೆ ಮಾಡುವುದು; ಎಫ್‌2 ಆಗಿ ಕೆಲಸ ಮಾಡಲು ಜೊತೆಗೆ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕು. ಅಣ್ಣನ ಮಗಳ ಯಂತ್ರದಲ್ಲಿ ಆಗುತ್ತಿದ್ದುದು ಇದೇ, ಮೇಲೆ ಫಾಸ್ಟ್ ಸ್ಟಾರ್ಟಪ್ಪೂ ಸೇರಿಕೊಂಡಿತ್ತು. ರೀಸ್ಟಾರ್ಟ್ ಕೊಟ್ಟು, ಪರದೆ ಕಪ್ಪಾದೊಡನೆ ಎಫ್‌ಎನ್ ಹಿಡಿದು ಎಫ್‌2 ಬಡಿದದ್ದಕ್ಕೆ ಸೆಟಪ್‌ನ ನೀಲಿ ಪರದೆ ಬಂತು.

ಹಾಗೂ ಬಾರದಿದ್ದರೆ ಕೀಲಿಯ ಹಂಗೇ ಇಲ್ಲದ ದಾರಿಯೊಂದಿದೆ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದರೆ ವಿಂಡೋಸ್ ಒಂದು ನೀಲಿ ಪಟ್ಟಿ ತೋರಿಸುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಕಪ್ಪು ಕಿಟಕಿಯಲ್ಲಿ ಆದೇಶ ಟೈಪ್ ಮಾಡಿ ಅಭ್ಯಾಸವಿದ್ದವರು ಅಡ್ಮಿನಿಸ್ಟ್ರೇಟರ್ ಆಗಿ ‘ಶಟ್‌ಡೌನ್ /ಆರ್ /ಎಫ್‌ಡಬ್ಲ್ಯೂ /ಟಿ 0’ ಕೊಡಬಹುದು. ಇಲ್ಲಿ ಕನ್ನಡದಲ್ಲಿ ಬರೆದದ್ದನ್ನು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು ಅಷ್ಟೆ. ಇವೆರಡೂ ಮಾಡುವುದು ಒಂದೇ ಕೆಲಸ. ಮುಂದಿನ ಸಲ ಎದ್ದಾಗ ನೇರ ಸೆಟಪ್‌ಗೆ ಹೋಗು ಎಂಬ ಚೀಟಿಯನ್ನು ಚಿಪ್ಪಿನ ನೆನಪಿನಲ್ಲಿ ಬರೆದಿಡುತ್ತವೆ. ಫರ್ಮ್‌ವೇರ್ ಎದ್ದು ಅದನ್ನು ಓದಿ ಪಾಲಿಸುತ್ತದೆ. ಪಟ್ಟಿಯಲ್ಲಿ ಆ ಸಾಲೇ ಇಲ್ಲದಿದ್ದರೆ ಗಾಬರಿ ಬೇಡ. ವಿಂಡೋಸನ್ನು ಯಾರೋ ಹಳೆಯ ಲೆಗಸಿ ಪದ್ಧತಿಯಲ್ಲಿ ಹಾಕಿದ್ದಾರೆ ಎಂದು ಅದರರ್ಥ. ಅಂಥ ಯಂತ್ರದಲ್ಲಿ ಕೀಲಿಯೇ ಗತಿ.

ಸೆಟಪ್ ತೆರೆದಿದ್ದೂ ಕಾಣದಿರುವುದುಂಟು. ಟಿವಿಗೋ ಮಾನಿಟರಿಗೋ ಕೇಬಲ್ ಹಾಕಿದ್ದರೆ ಕೆಲವು ಯಂತ್ರಗಳು ಈ ಪರದೆಯನ್ನು ಅಲ್ಲಿಗೆ ಕಳಿಸುತ್ತವೆ. ಕೇಬಲ್, ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಕಳಚಿ ನೋಡಬೇಕು. ಯಂತ್ರ ಮಂಕು ಬಡಿದಂತೆ ನಿಂತಿದ್ದರೆ ಚಾರ್ಜರ್ ಎಳೆದು, ಬ್ಯಾಟರಿ ಬಿಚ್ಚುವಂತಿದ್ದರೆ ಬಿಚ್ಚಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದು ಹಳೆಯ ಉಪಾಯ. ಒಳಗೆ ಉಳಿದ ವಿದ್ಯುತ್ತು ಹೋಗಿ, ಅರ್ಧಕ್ಕೆ ಸಿಕ್ಕಿಕೊಂಡ ನಿಯಂತ್ರಕ ಮೊದಲಿನಿಂದ ಶುರುಮಾಡುತ್ತದೆ.

ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ನಿಜವಾದ ತಡೆಗೋಡೆ ಪಾಸ್‌ವರ್ಡ್. ಕಂಪನಿಗಳು ನೌಕರರು ಒಳಗೆ ಕೈಯಾಡಿಸದಿರಲಿ ಎಂದು ಸೆಟಪ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿರುತ್ತವೆ, ಯಂತ್ರ ಮಾರುವಾಗ ತೆಗೆಯಲು ಮರೆಯುತ್ತವೆ. ನಾಣ್ಯದ ಬ್ಯಾಟರಿ ತೆಗೆದಿಟ್ಟರೆ ಪಾಸ್‌ವರ್ಡ್ ಹಾರಿಹೋಗುತ್ತದೆ ಎಂಬುದು ಹಳೆಯ ಡೆಸ್ಕ್‌ಟಾಪಿನ ಮಟ್ಟಿಗೆ ಸರಿ. ಕಚೇರಿಗೆಂದು ಮಾಡಿದ ಲ್ಯಾಪ್‌ಟಾಪುಗಳಲ್ಲಿ ಅದು ಕರೆಂಟಿಲ್ಲದೆಯೂ ಉಳಿಯುವ ಚಿಪ್ಪಿನಲ್ಲಿರುತ್ತದೆ, ಬ್ಯಾಟರಿ ತೆಗೆದರೆ ತಾರೀಖು ಹೋದೀತು, ಪಾಸ್‌ವರ್ಡ್ ಹೋಗದು. ಕೊಳ್ಳುವಾಗ ಪರದೆಯ ಗೀರು, ಬ್ಯಾಟರಿಯ ಆಯುಸ್ಸು ನೋಡುವವರು ಅಂಗಡಿಯಲ್ಲೇ ಒಮ್ಮೆ ಸೆಟಪ್ ತೆರೆಸಿ ನೋಡುವುದು ಒಳ್ಳೆಯದು. ಬಿಲ್ಲು ಬರೆದ ಮೇಲೆ ಆ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ.

ಕೊನೆಯದು ಚಿಪ್ಪಿನೊಳಗಿನ ಬರಹವೇ ಕೆಟ್ಟಿರುವುದು. ಇದು ಅಪರೂಪ, ಆದರೆ ಚರಿತ್ರೆಯಿದೆ. 1999ರ ಏಪ್ರಿಲ್ 26ರಂದು, ತೈವಾನಿನ ವಿದ್ಯಾರ್ಥಿಯೊಬ್ಬ ಹಿಂದಿನ ವರ್ಷ ಬರೆದಿದ್ದ ಸಿಐಎಚ್ ವೈರಸ್ ಹಲವು ದೇಶಗಳಲ್ಲಿ ಹಾರ್ಡ್ ಡಿಸ್ಕ್ ಅಳಿಸಿದ್ದಲ್ಲದೆ ಬಯಾಸ್ ಚಿಪ್ಪಿನ ಮೇಲೂ ಕಸ ಬರೆಯಿತು. ಬಯಾಸ್ ಹೋದ ಯಂತ್ರಗಳು ಚಿಪ್ ಬದಲಿಸುವ ಇಲ್ಲವೇ ಮತ್ತೆ ಬರೆಯುವ ತನಕ ಏಳಲೇ ಇಲ್ಲ. ಈ ಲೇಖನದ ವಿಷಯಕ್ಕೆ ಇನ್ನೂ ಹತ್ತಿರದ್ದು 2017ರ ಡಿಸೆಂಬರ್‌ನ ಪ್ರಸಂಗ. ಉಬುಂಟು 17.10ರಲ್ಲಿದ್ದ, ಬಯಾಸ್ ಚಿಪ್ಪನ್ನು ಮುಟ್ಟಬಲ್ಲ ಒಂದು ಡ್ರೈವರಿನ ದೋಷದಿಂದ ಲೆನೊವೊದ ಹಲವು ಮಾದರಿಗಳಲ್ಲಿ ಸೆಟಪ್‌ನಲ್ಲಿ ಬದಲಿಸಿದ್ದು ಉಳಿಯದಂತಾಯಿತು, ಕೆಲವು ಯುಎಸ್‌ಬಿಯಿಂದ ಶುರುವಾಗುವುದನ್ನೇ ಮರೆತವು. ಉಬುಂಟುವಿನವರು ಡೌನ್‌ಲೋಡನ್ನು ಹಿಂತೆಗೆದು, ಆ ಡ್ರೈವರನ್ನು ನಿಲ್ಲಿಸಿ, ಮುಂದಿನ ಜನವರಿಯಲ್ಲಿ ಹೊಸ ಆವೃತ್ತಿ ಕೊಟ್ಟರು. ವೈರಸ್ ಅಲ್ಲದ, ಒಳ್ಳೆಯ ಉದ್ದೇಶದ ತಂತ್ರಾಂಶವೂ ಈ ಚಿಪ್ಪನ್ನು ಕೆಡಿಸಬಲ್ಲದು.

ಹೀಗೆ ಕೆಟ್ಟಾಗ ಕೆಲವು ಕಂಪನಿಗಳ ಯಂತ್ರಗಳಲ್ಲಿ ತಾವೇ ಚೇತರಿಸಿಕೊಳ್ಳುವ ಏರ್ಪಾಡಿದೆ. ಎಚ್‌ಪಿಯ ಹಲವು ಮಾದರಿಗಳಲ್ಲಿ ವಿಂಡೋಸ್ ಮತ್ತು ಬಿ ಕೀಲಿ ಒಟ್ಟಿಗೆ ಹಿಡಿದು ಪವರ್ ಬಟನ್ ಒತ್ತುವುದು ಅದಕ್ಕೆ. ಅದೂ ಫಲಿಸದಿದ್ದರೆ ಚಿಪ್ಪಿಗೆ ಹೊರಗಿನಿಂದ ಬರೆಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಮೇಜುಗಳ ಮೇಲೆ ಈ ಕೆಲಸ ನಡೆಯುತ್ತದೆ. ಬೆನ್ನು ಬಿಚ್ಚಿದ ಲ್ಯಾಪ್‌ಟಾಪ್, ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್, ಅದರಿಂದ ಹೊರಟ ಪಟ್ಟಿ ತಂತಿ, ತುದಿಯಲ್ಲೊಂದು ಕ್ಲಿಪ್. ತಂತಿಯ ಕೆಂಪು ಅಂಚು ಚಿಪ್ಪಿನ ಮೂಲೆಯ ಚುಕ್ಕಿಯ ಕಡೆಗೇ ಇರಬೇಕು; ತಿರುಗಿಸಿ ಹಾಕಿದರೆ ಚಿಪ್ ಸುಟ್ಟೀತು. ಕೆಲವು ಚಿಪ್ಪುಗಳಿಗೆ 3.3 ವೋಲ್ಟ್, ಕೆಲವಕ್ಕೆ 1.8, ಮೊದಲು ಭೂತಗನ್ನಡಿ ಹಿಡಿದು ಮೈಮೇಲಿನ ನಂಬರ್ ಓದಬೇಕು. ಬಲ್ಲವರು ಬರೆಯುವ ಮುನ್ನ ಚಿಪ್ಪಿನಲ್ಲಿದ್ದುದನ್ನು ಎರಡು ಸಲ ಓದಿ, ಎರಡೂ ತಾಳೆಯಾದರೆ ತೆಗೆದಿಟ್ಟುಕೊಳ್ಳುತ್ತಾರೆ. ಯಂತ್ರದ ಸೀರಿಯಲ್ ನಂಬರೂ ವಿಂಡೋಸ್ 8ರಿಂದೀಚೆಗೆ ಅದರ ಪರವಾನಗಿ ಕೀಲಿಯೂ ಅಲ್ಲೇ ಇರುತ್ತವೆ. ಇನ್ನೊಂದು ಯಂತ್ರದ ಫೈಲನ್ನು ಇಡಿಯಾಗಿ ಸುರಿದರೆ ಎರಡೂ ಹೋಗುತ್ತವೆ.

ಸೆಟಪ್ ಒಮ್ಮೆ ತೆರೆದಾಗ, ಬಂದ ಕೆಲಸದ ಜೊತೆ ಇನ್ನೂ ಮೂರು ಕಡೆ ಕಣ್ಣಾಡಿಸಬೇಕು. ಸಮಯ ಉಳಿಸಲು ಕೀಬೋರ್ಡನ್ನು ಎಬ್ಬಿಸದೆ ಬಿಡುವ ಫಾಸ್ಟ್ ಬೂಟ್ ಇದ್ದರೆ ನಿಲ್ಲಿಸುವುದು. ಮೇಲಿನ ಸಾಲಿನ ಕೀಲಿಗಳು ಎಫ್‌ಎನ್ ಇಲ್ಲದೆ ಕೆಲಸ ಮಾಡುವಂತೆ ಬದಲಿಸುವುದು. ಕೀಲಿಗಾಗಿ ಕಾಯುವ ಹೊತ್ತನ್ನು ಹೆಚ್ಚಿಸುವ ಆಯ್ಕೆ ಇದ್ದರೆ ಐದು ಸೆಕೆಂಡಿಗೆ ಏರಿಸುವುದು. ಆಮೇಲೆ, ಹಲವು ಯಂತ್ರಗಳಲ್ಲಿ, ಎಫ್‌10 ಒತ್ತಿ, ಉಳಿಸಬೇಕೇ ಎಂದು ಕೇಳಿದ್ದಕ್ಕೆ ಹೌದು ಎನ್ನಬೇಕು.