ಹೊಳೆ, ದೋಣಿ ಮತ್ತು ತಂಗಿಯ ಚರಿಗೆ

ಜಮಖಂಡಿಯೆಂದರೆ ನಿಮಗೆ ಪಟವರ್ಧನ ಅರಸರ ಅರಮನೆ ನೆನಪಾಗಬಹುದು, ಬನಹಟ್ಟಿಯೆಂದರೆ ಸೀರೆ, ಮುಧೋಳವೆಂದರೆ ಬೇಟೆನಾಯಿ. ಆದರೆ ಭಗಿನಿಯರೇ, ನಮ್ಮ ಸೀಮೆಯ ನಿಜವಾದ ಯಜಮಾನಿ ಹೊಳೆ. ರಬಕವಿ, ಜಮಖಂಡಿ ಸೀಮೆಯನ್ನು ಹಾಯ್ದು ಬರುವ ಕೃಷ್ಣೆಯನ್ನು, ಮುಧೋಳ ದಾಟಿ ಬಂದ ಘಟಪ್ರಭೆ ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೂಡಿಕೊಳ್ಳುತ್ತಾಳೆ.

ಕಳೆದ ಶ್ರಾವಣದಲ್ಲಿ ಬನಹಟ್ಟಿಯಿಂದ ಬಸ್ಸು ಹಿಡಿದು ಜಮಖಂಡಿ ತಾಲೂಕಿನ ತಂಗಿಯ ಊರಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಕಬ್ಬು. ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿದ ಬ್ಯಾರೇಜು ಇಲ್ಲಿನವರ ಹೆಮ್ಮೆ. 'ಶ್ರಮಬಿಂದು ಸಾಗರ'ವೆಂದೇ ಅದಕ್ಕೆ ಹೆಸರು. ತಂಗಿಯ ಮನೆಯ ಮೂರೆಕರೆ ಹೊಲ ಮಾತ್ರ ಹೊಳೆಯ ಆಚೆಗಿದೆ. ಎಮ್ಮೆಗಳಿಗೆ ಮೇವು ತರಲು ದಿನಾ ದೋಣಿಯೇ ಗತಿ.

ಅದು ಸಣ್ಣ ಅಲ್ಯೂಮಿನಿಯಂ ದೋಣಿ, ನಾವು ಜರ್ಮನ್ ಬೋಗುಣಿ ಅನ್ನುತ್ತೇವಲ್ಲ, ಅದೇ ಲೋಹ. ಹಗುರ, ಆದರೆ ಮಳೆಯ ನೀರೂ ಸಡಿಲಾದ ರಿವೆಟ್ಟಿನ ಜಿನುಗೂ ತಳದಲ್ಲಿ ಕೂಡಿಕೊಳ್ಳುತ್ತವೆ. ನೀವು ಪರಾತದಲ್ಲಿ ನೀರು ಹಿಡಿದು ನಡೆದಿದ್ದೀರಾ? ಸ್ವಲ್ಪ ವಾಲಿದರೆ ನೀರೆಲ್ಲ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಹಿಂದಿನ ಮಳೆಗಾಲದಲ್ಲಿ ಒಬ್ಬಳೇ ಮೇವಿನ ಹೊರೆಯೊಂದಿಗೆ ಬರುವಾಗ ತಂಗಿಗೆ ಆದದ್ದು ಇದೇ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಚರಿಗೆ. ಹೇಗೋ ದಂಡೆ ಮುಟ್ಟಿದಳು. ಅಂದಿನಿಂದ ಅವಳ ಗಂಡನಿಗೆ ನಿದ್ದೆಯಿಲ್ಲ. ನೀರೆತ್ತುವ ಪುಟ್ಟ ಪಂಪು ತಂದೇಬಿಟ್ಟರು.

ಹನ್ನೆರಡು ವೋಲ್ಟಿನ ಬ್ಯಾಟರಿಯ ಪಂಪು. ಡಬ್ಬಿಯ ಮೇಲೆ ತಾಸಿಗೆ 1,900 ಲೀಟರ್ ಎಂದಿತ್ತು. ಪೈಪು ಎತ್ತರಕ್ಕೆ ಹೋದಷ್ಟೂ ಅದು ಕಡಿಮೆಯಂತೆ. ನೀರು ಕೂಡುವ ಹಿಂಭಾಗದಲ್ಲಿ, ತಳಕ್ಕೆ ತೂತು ಹಾಕದೆ, ಪ್ಲಾಸ್ಟಿಕ್ ಹಲಗೆಯೊಂದನ್ನು ಅಂಟಿಸಿ ಅದಕ್ಕೆ ಸ್ಕ್ರೂ ಹಾಕಿದ್ದರು. ಮಾಳಿಗೆಯ ಟಾಕಿಯಲ್ಲಿರುವಂಥ ತೇಲುವ ಸ್ವಿಚ್ಚು. ನೀರು ಏರಿದರೆ ತಾನೇ ಚಾಲೂ, ಇಳಿದರೆ ತಾನೇ ಬಂದ್. ಕೆಂಪು ವಾಯರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಜು.

ಎಲ್ಲ ಚೆಂದವೇ, ಆದರೆ ನೀರು ಹೊರಬೀಳುವ ತೂತನ್ನು ದೋಣಿಯ ಪಕ್ಕದಲ್ಲಿ ಕೆಳಗೇ ಕೊರೆದಿದ್ದರು. ಖಾಲಿ ದೋಣಿಯಲ್ಲಿ ಅದು ನೀರಿನ ಮೇಲೇ ಇತ್ತು. ನಾವು ಮೂವರು ಮೇವಿನ ಸಮೇತ ಕುಳಿತೆವು, ದೋಣಿ ತಗ್ಗಿತು, ತೂತು ಮುಳುಗಿತು. ಪಂಪು ನಿಂತೊಡನೆ ಹೊಳೆಯ ನೀರು ಅದೇ ಪೈಪಿನಿಂದ ಹಿಂದಕ್ಕೆ ಒಳಗೆ! ನನ್ನ ಸೀರೆಯ ಅಂಚು ತೋಯ್ದಾಗಲೇ ಗೊತ್ತಾದದ್ದು.

"ಅಕ್ಕಾ, ನೀರು ಏರಾಕತ್ತೇತಿ!" ತಂಗಿ ಚರಿಗೆ ಹಿಡಿದಳು. ನಾನು ನನ್ನ ಊಟದ ಡಬ್ಬಿಯನ್ನೇ ಖಾಲಿ ಮಾಡಿ ಎತ್ತಿಹಾಕಿದೆ. (ರೊಟ್ಟಿ ಹೊಳೆಪಾಲು.) ಅವಳ ಗಂಡ ತೂತಿನಿಂದ ಪೈಪು ಕಿತ್ತು ಮೇಲೆತ್ತಿ, ಆ ತೂತಿಗೆ ಟವೆಲು ತುರುಕಿದರು. ನೀರು ನಿಂತಿತು. ನನ್ನ ಎದೆಬಡಿತ ದಂಡೆ ಮುಟ್ಟಿದ ಮೇಲೂ ನಿಲ್ಲಲಿಲ್ಲ.

ಮರುದಿನ ಹಳೆಯ ತೂತಿಗೆ ಅಲ್ಯೂಮಿನಿಯಂ ತೇಪೆ ಬಿತ್ತು. ಹೊಸದನ್ನು ಅಂಚಿನ ಹತ್ತಿರ ಮೇಲೆ ಕೊರೆದರು. ಪೈಪು ಮೊದಲು ಅದಕ್ಕಿಂತ ಎತ್ತರಕ್ಕೆ ಏರಿ ಬಾಗಿ, ಆಮೇಲೆ ಇಳಿಯಬೇಕು. ಭಾರ ತುಂಬಿ ನೋಡದೆ ತೂತು ಹಾಕಬಾರದಿತ್ತೆಂದು ಅವರೇ ಒಪ್ಪಿಕೊಂಡರು. ತೂತಿನ ಬಾಯಿಗೆ ಹಿತ್ತಾಳೆಯದಲ್ಲ, ನೈಲಾನಿನದೇ ಬೇಕು. ಹುಣಸೆಹುಳಿ ಜರ್ಮನ್ ಪಾತ್ರೆಯನ್ನು ತಿನ್ನುವುದು ನಮಗೆ ಗೊತ್ತು. ತಾಮ್ರ, ಹಿತ್ತಾಳೆ ಒದ್ದೆಯಲ್ಲಿ ಅಂಟಿಕೊಂಡರೂ ಅಲ್ಯೂಮಿನಿಯಂ ಸವೆಯುತ್ತದಂತೆ.

ಹಾಗಾಗಿ ನಾನು ಗಂಗಮ್ಮನಿಗೆಂದು ತಂದಿದ್ದ ತಾಮ್ರದ ದುಡ್ಡು ಕೈತಪ್ಪಿ ಹಲಗೆಯ ಕೆಳಗೆ ಬಿದ್ದಾಗ ಅವರು ಹುಡುಕದೆ ಬಿಡಲಿಲ್ಲ. "ಅಕ್ಕಾರ, ರೊಕ್ಕ ಹೊಳ್ಯಾಗ ಒಗೀರಿ, ದೋಣ್ಯಾಗ ಬ್ಯಾಡ."

ಮೇವಿನ ಕಡ್ಡಿ ಪಂಪಿನ ಜಾಲರಿಗೆ ಸಿಕ್ಕುತ್ತದೆ. ಅದನ್ನು ತೆಗೆಯುವುದು ಈಗ ತಂಗಿಯ ಕೆಲಸ. 2019ರ ಆಗಸ್ಟಿನ ಮಹಾಪೂರ ಕಂಡ ಮೇಲೆ, ಹೊಳೆ ಕೆಂಪಾದ ದಿನ ಅವರು ದೋಣಿ ಬಿಡುವುದೇ ಇಲ್ಲ. ಪಂಪು ಬಂದರೂ ಚರಿಗೆಯನ್ನು ಮಾತ್ರ ಅವಳು ಮನೆಗೆ ಒಯ್ದಿಲ್ಲ. ದಾರ ಕಟ್ಟಿ, ತಾನು ಕೂಡುವ ಹಲಗೆಗೇ ತೂಗುಹಾಕಿದ್ದಾಳೆ.