ಎಲ್ಲರ ಮಕ್ಕಳ ತಂದೆ

ಕೊಡಗಿನ ಶನಿವಾರಸಂತೆಯಲ್ಲಿ 1899ರಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪನವರು 1949ರಲ್ಲಿ ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ನಿವೃತ್ತರಾದ ಮೇಲೆ, ನಾವೀಗ ನೆಲೆಸಿರುವ ಈ ಆಸ್ಟ್ರೇಲಿಯಾದಲ್ಲಿ 1956ರವರೆಗೆ ಭಾರತದ ಹೈಕಮಿಷನರ್ ಆಗಿದ್ದು, ನಂತರ ಮಡಿಕೇರಿಯ ಮನೆಗೆ ಮರಳಿದರು.

1965ರ ಯುದ್ಧದಲ್ಲಿ, ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನಿಗಾಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲರೂ ತಮ್ಮ ಮಕ್ಕಳೇ ಎಂದರು. ಮಗ ಬಿಡುಗಡೆಯಾದದ್ದು 1966ರಲ್ಲಿ.

ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳು, "ಮಗನ ಮೇಲೆ ಪ್ರೀತಿ ಇರಲಿಲ್ಲವೇ?" ಎಂದು ಕೇಳುತ್ತಾರೆ. ಇತ್ತು ಮಕ್ಕಳೇ. ಅದರಲ್ಲಿ ಬೇರೆ ತಾಯಂದಿರ ಮಕ್ಕಳಿಗೂ ಪಾಲಿತ್ತು. 1993ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಹಿರಿಯರಿಂದ ಹೆತ್ತವರೂ ಶಿಕ್ಷಕರೂ ಆದ ನಾವು ಕಲಿಯಬೇಕಾದ ಪಾಠ ಇದು.