ನನ್ನ ಲ್ಯಾಪ್‌ಟಾಪ್ ಲೆಕ್ಕ

ಪಿಯುಸಿ ಆದ ಮೇಲೆ ಬಿ.ಕಾಂ. ಸೇರುತ್ತೇನೆ, ಅದಕ್ಕೆ ಲ್ಯಾಪ್‌ಟಾಪ್ ಬೇಕು ಎಂದು ಮನೆಯಲ್ಲಿ ಮೊದಲು ಮಾತು ತೆಗೆದವನು ನಾನೇ. ಟ್ಯಾಲಿ ಕಲಿಯಬೇಕು, ಎಕ್ಸೆಲ್ ಕಲಿಯಬೇಕು, ಪ್ರಾಜೆಕ್ಟ್ ಮಾಡಬೇಕು ಎಂದೆ. ಗೇಮ್ ಆಡಬೇಕು ಎಂದು ಹೇಳಲಿಲ್ಲ. ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಫೋನಿನಲ್ಲಿ ಬಿಜಿಎಂಐ ಆಡುತ್ತಾ ಕೂತವನನ್ನು ಊಟಕ್ಕೆ ಕರೆದು ಕರೆದು ಅಮ್ಮಿಗೆ ಗಂಟಲು ಕಟ್ಟಿದೆ.

ಅಬ್ಬಾ ನಮ್ಮ ದೊಡ್ಡಬಳ್ಳಾಪುರದಲ್ಲೇ ಪವರ್‌ಲೂಮ್‌ನಲ್ಲಿ ಸೀರೆ ನೇಯುತ್ತಾರೆ. ಮಗ್ಗದ ಸದ್ದಿನಲ್ಲೇ ಇಷ್ಟು ವರ್ಷ ಕಳೆದದ್ದರಿಂದ ಮನೆಯಲ್ಲೂ ಜೋರಾಗಿಯೇ ಮಾತಾಡುತ್ತಾರೆ. ದುಡ್ಡಿನ ವಿಷಯ ಬಂದರೆ ಮಾತ್ರ ಅವರ ದನಿ ತಗ್ಗುತ್ತದೆ.

“ಎಷ್ಟಾಗುತ್ತೆ?” ಎಂದು ತಗ್ಗಿದ ದನಿಯಲ್ಲೇ ಕೇಳಿದರು.

“72,000,” ಎಂದೆ. ಆಗಲೇ ನೋಡಿಟ್ಟಿದ್ದೆ.

ಅಬ್ಬಾ ಅಮ್ಮಿಯ ಮುಖ ನೋಡಿದರು. ಅಮ್ಮಿ ಸಾರಿನ ಪಾತ್ರೆ ನೋಡಿದರು.

ಆ 72,000ದಲ್ಲಿ ಏನೇನಿತ್ತು ಎಂಬುದು ನನಗೆ ಬಾಯಿಪಾಠವಾಗಿತ್ತು. ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆ, ಕತ್ತಲಲ್ಲಿ ಕೆಂಪಗೆ ಹೊಳೆಯುವ ಕೀಬೋರ್ಡ್. ಇವುಗಳಲ್ಲಿ ಟ್ಯಾಲಿಗೆ ಬೇಕಾದದ್ದು ಬಹಳ ಕಡಿಮೆ. ನನ್ನ ಆಪಾ ಬಿ.ಕಾಂ. ಮುಗಿಸಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತಾಳೆ. ಅವರ ಆಫೀಸಿನಲ್ಲಿ ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್‌ನಲ್ಲೇ ಟ್ಯಾಲಿ ಓಡುತ್ತದೆಯಂತೆ. ಟ್ಯಾಲಿ ಹುಟ್ಟಿದ ಕತೆಯನ್ನು ಆಪಾ ಅಬ್ಬಾಗೆ ಹೇಳಿದಳು. ಗಿರಣಿಗಳಿಗೆ ಯಂತ್ರದ ಬಿಡಿಭಾಗ, ಕಚ್ಚಾ ಸಾಮಾನು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಎಂಬವರಿಗೆ ತಮ್ಮ ಲೆಕ್ಕ ಬರೆಯಲು ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ ನೀನೇ ಮಾಡು ಎಂದರು. 1986ರಲ್ಲಿ ಅಪ್ಪ ಮಗ ಸೇರಿ ಕಂಪನಿ ಶುರು ಮಾಡಿದರು. ಇವತ್ತು ಅದರ ಮುಖ್ಯ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. “ಗಿರಣಿ ಸಾಮಾನು ಮಾರೋರಾ?” ಎಂದು ಅಬ್ಬಾ ಎರಡು ಸಲ ಕೇಳಿದರು. ಖುಷಿಯಾಗಿತ್ತು ಅವರಿಗೆ.

ಅದೇ ಆಪಾ ಬಿ.ಕಾಂ. ಪೂರ್ತಿ ಮುಗಿಸಿದ್ದು ಒಂದು ಫೋನಿನಲ್ಲಿ. ಪ್ರಾಜೆಕ್ಟ್ ವರದಿಯನ್ನು ಹೆಬ್ಬೆರಳಲ್ಲಿ ಟೈಪ್ ಮಾಡಿದಳು. ಟ್ಯಾಲಿಯನ್ನು ಕಾಲೇಜಿನ ಲ್ಯಾಬಿನಲ್ಲಿ ಎಜುಕೇಷನಲ್ ಮೋಡ್‌ನಲ್ಲಿ ಕಲಿತಳು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಆದರೆ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ವೋಚರ್ ಹಾಕಬಹುದು. ವ್ಯಾಪಾರವೆಲ್ಲ ಮೂರೇ ದಿನದಲ್ಲಿ ನಡೆಯಬೇಕು! ಇಷ್ಟಾದರೂ ನನಗೆ ಲ್ಯಾಪ್‌ಟಾಪ್ ಕೊಡಿಸುವ ಮಾತು ಬಂದಾಗ “ನನಗೆ ಯಾಕೆ ಕೊಡಿಸಲಿಲ್ಲ” ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗ ಅನಿಸುತ್ತದೆ.

ದಸರಾ ರಜೆಯಲ್ಲಿ ನಾವಿಬ್ಬರೂ ಬೆಂಗಳೂರಿಗೆ ಹೋದೆವು. ಮೆಜೆಸ್ಟಿಕ್‌ವರೆಗೆ ಬಸ್ಸು, ಅಲ್ಲಿಂದ ಮೆಟ್ರೊದಲ್ಲಿ ಎರಡನೇ ನಿಲ್ದಾಣ ಕೆ.ಆರ್. ಮಾರುಕಟ್ಟೆ, ಆಮೇಲೆ ನಡಿಗೆ. ಎಸ್.ಪಿ. ರೋಡ್ ಎಂದು ಎಲ್ಲರೂ ಕರೆಯುವ ಸಾದರ್ ಪತ್ರಪ್ಪ ರಸ್ತೆಗೆ ಹೋಗದವರು ಒಮ್ಮೆ ಹೋಗಿ ಬನ್ನಿ. ಕೊಳ್ಳದಿದ್ದರೂ ಪರವಾಗಿಲ್ಲ. ಅಂಗಡಿಯ ಮೇಲೆ ಅಂಗಡಿ, ಮೆಟ್ಟಿಲ ಕೆಳಗೆ ಒಂದು ಅಂಗಡಿ, ಕೇಬಲ್ ಮಾರುವವರು ಫುಟ್‌ಪಾತ್ ಮೇಲೆ. ಮೊದಲು ನಾವು ಒಂದು ದೊಡ್ಡ ಶೋರೂಮಿಗೆ ಹೋಗಿದ್ದೆವು. ಅಲ್ಲಿ ನನ್ನ ಲ್ಯಾಪ್‌ಟಾಪ್ ಗಾಜಿನ ಮೇಜಿನ ಮೇಲೆ ಕೂತಿತ್ತು. ‘72,000, ನೋ ಕಾಸ್ಟ್ ಇಎಂಐ, ತಿಂಗಳಿಗೆ 6,000 ಮಾತ್ರ, 12 ತಿಂಗಳು’ ಎಂದು ಬರೆದಿತ್ತು. ಎಸ್.ಪಿ. ರೋಡಿನಲ್ಲಿ ಅದೇ ಮಾಡೆಲ್‌ಗೆ ಬಿಲ್ ಸಮೇತ, ಪೂರ್ತಿ ದುಡ್ಡು ಒಟ್ಟಿಗೆ ಕೊಟ್ಟರೆ 67,000 ಎಂದರು. ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಯಾಕೆ 5,000 ವ್ಯತ್ಯಾಸ ಎಂದು ಆಗ ಯೋಚಿಸಲಿಲ್ಲ.

ಅಲ್ಲಿ ಕಲಿತದ್ದನ್ನು ಗೇಮ್ ಆಡುವ ಗೆಳೆಯರಿಗಾಗಿ ಹೇಳಿಬಿಡುತ್ತೇನೆ. ಗ್ರಾಫಿಕ್ಸ್ ಕಾರ್ಡಿನ ಹೆಸರನ್ನು ಮಾತ್ರ ನೋಡಬೇಡಿ. ಲ್ಯಾಪ್‌ಟಾಪ್‌ಗೆ ಬರುವ 3050 ಕಾರ್ಡನ್ನೇ ಒಂದು ಕಂಪನಿ 35 ವ್ಯಾಟ್‌ಗೆ ಕಟ್ಟಿಹಾಕಿರುತ್ತದೆ, ಇನ್ನೊಂದು 80 ವ್ಯಾಟ್‌ವರೆಗೆ ಬಿಟ್ಟಿರುತ್ತದೆ. ಸ್ಟಿಕ್ಕರ್ ಒಂದೇ, ಓಟ ಬೇರೆ. ಚಾರ್ಜರ್ ತೆಗೆದರೆ ಗೇಮಿಂಗ್ ಲ್ಯಾಪ್‌ಟಾಪ್‌ನ ಓಟ ಅರ್ಧಕ್ಕೆ ಇಳಿಯುವುದೂ ಉಂಟು. ಆ ಚಾರ್ಜರ್ ಒಂದು ಇಟ್ಟಿಗೆ. ಅಂಗಡಿಯ ಹುಡುಗ ಎರಡನ್ನೂ ನನ್ನ ಬ್ಯಾಗಿಗೆ ಹಾಕಿ, “ದಿನಾ ಬಸ್ಸಲ್ಲಿ ಇದನ್ನ ಹೊತ್ಕೊಂಡು ನಿಂತ್ಕೊಂಡು ಹೋಗ್ತೀಯಾ?” ಎಂದು ನಕ್ಕ. ಮಾರುವವನೇ ಹಾಗೆ ಕೇಳಿದ್ದು ನನಗೆ ಆಶ್ಚರ್ಯ. ಆಪಾ ಅಷ್ಟು ಹೊತ್ತೂ ಕೀಬೋರ್ಡ್‌ನ ಬಲಗಡೆ ಮಾತ್ರ ನೋಡುತ್ತಿದ್ದಳು. ಅಂಕಿಗಳಿಗೇ ಬೇರೆ ಕೀಲಿಗಳಿರುವ ನಂಬರ್ ಪ್ಯಾಡ್ ಬೇಕು ಎಂಬುದು ಅವಳ ಒಂದೇ ಷರತ್ತು. 14 ಇಂಚಿನವುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ನೂರು ಬಿಲ್ ಎಂಟ್ರಿ ಮಾಡಿದವರಿಗೆ ಅದರ ಬೆಲೆ ಗೊತ್ತು.

ಮನೆಗೆ ಬಂದ ವಾರದಲ್ಲೇ ದಾರಿ ತೆರೆಯಿತು. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ನಮ್ಮ ಮಾಮು ಬಂದಿದ್ದರು. ಅವರ ಬಳಿ ಕ್ರೆಡಿಟ್ ಕಾರ್ಡ್ ಇದೆ. “ನನ್ನ ಕಾರ್ಡಲ್ಲಿ ತಗೊಳ್ಳಿ, ತಿಂಗಳಿಗೆ 6,000 ನನಗೆ ಕೊಡ್ತಾ ಬನ್ನಿ, ಮುಗೀತು,” ಎಂದರು. ನಾನು ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಅಬ್ಬಾ ಒಂದೇ ಪ್ರಶ್ನೆ ಕೇಳಿದರು. “ಅದರಲ್ಲಿ ಸೂದ್ ಇದೆಯಾ?”

“ಇಲ್ಲ ಅಬ್ಬಾ. ನೋ ಕಾಸ್ಟ್. 6,000 ಇಂಟು 12, ಸರಿಯಾಗಿ 72,000. ಒಂದು ರೂಪಾಯಿ ಹೆಚ್ಚಿಲ್ಲ.”

“ಬಡ್ಡಿ ಇಲ್ಲದೆ ಬ್ಯಾಂಕಿನವರು ಒಂದು ವರ್ಷ ದುಡ್ಡು ಯಾಕೆ ಬಿಡ್ತಾರೆ ಬೇಟಾ?” ಎಂದರು. ಮಾಮು ನಕ್ಕರು. ನಾನೂ ನಕ್ಕೆ. ಅಬ್ಬಾ ನಗಲಿಲ್ಲ. “ನೀನು ಲೆಕ್ಕ ಓದೋನು. ನೋಡಿ ಹೇಳು. ಇಲ್ಲ ಅಂತ ನೀನು ಹೇಳಿದರೆ ತಗೊಳ್ಳೋಣ,” ಎಂದು ನಮಾಜಿಗೆ ಹೊರಟರು.

ಅಬ್ಬಾದು ತಪ್ಪು ಎಂದು ತೋರಿಸಲಿಕ್ಕೇ ನಾನು ಪುಸ್ತಕ ತೆಗೆದದ್ದು. ಶೋರೂಮಿನಲ್ಲಿ ಕೊಟ್ಟ ಕಾಗದದ ಹಿಂಬದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷ್‌ನಲ್ಲಿ ಷರತ್ತುಗಳಿದ್ದವು. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 15. ಆ ಬಡ್ಡಿಯಷ್ಟನ್ನು ಮೊದಲೇ ಬೆಲೆಯಲ್ಲಿ ‘ರಿಯಾಯಿತಿ’ಯಾಗಿ ಕಳೆಯಲಾಗುತ್ತದೆ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಪ್ರತ್ಯೇಕ. ಸಂಸ್ಕರಣಾ ಶುಲ್ಕ ಪ್ರತ್ಯೇಕ. ಅಂದರೆ ಬ್ಯಾಂಕು ಸಾಲ ಕೊಡುವುದು 72,000 ಅಲ್ಲವೇ ಅಲ್ಲ. ತಿಂಗಳಿಗೆ 6,000ದಂತೆ 12 ತಿಂಗಳು ಕಟ್ಟಿದರೆ ಶೇ 15ರ ಬಡ್ಡಿಯೂ ಸೇರಿ ತೀರುವ ಸಾಲ ಎಷ್ಟು? ಹನ್ನೆರಡು ಸಾಲಿನ ಕೋಷ್ಟಕ ಹಾಕಿದೆ. ರಾತ್ರಿ 11 ಆಯಿತು. ಉತ್ತರ 66,476. ಉಳಿದ 5,524 ರೂಪಾಯಿ ಬಡ್ಡಿ. ಅದರ ಮೇಲೆ ಜಿಎಸ್‌ಟಿ ಸುಮಾರು 994. ಆಗ ಎಸ್.ಪಿ. ರೋಡಿನ 67,000 ನೆನಪಾಯಿತು. ಒಟ್ಟಿಗೆ ದುಡ್ಡು ಕೊಡುವವನಿಗೆ ಬಿಡುವ ಹಣವೇ ಕಂತಿನವನ ಹತ್ತಿರ ಬಡ್ಡಿಯಾಗಿ ಹೋಗುತ್ತಿತ್ತು. ಬೆಲೆ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಅಷ್ಟೆ.

ಮರುದಿನ ಲೆಕ್ಕಶಾಸ್ತ್ರದ ಸರ್‌ಗೆ ತೋರಿಸಿದೆ. ಕೋಷ್ಟಕ ಸರಿಯಿದೆ ಎಂದರು. ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳಿಸಿ, ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಲ್ಲಿ ಮುಚ್ಚಿಟ್ಟು ಗಿರಾಕಿಯಿಂದ ವಸೂಲು ಮಾಡಬಾರದು ಎಂದು ಹೇಳಿದ್ದನ್ನೂ ತಿಳಿಸಿದರು.

ಇಷ್ಟು ಗೊತ್ತಾದ ಮೇಲೂ ನಾನು ಎರಡು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಬ್ಬಾ ಉರ್ದು ಓದುತ್ತಾರೆ, ಕನ್ನಡದ ಬಸ್ ಬೋರ್ಡ್ ಓದುತ್ತಾರೆ. ಆ ಕಾಗದದ ಹಿಂಬದಿಯನ್ನು ಓದಲಾರರು. ಮಾಮು ಓದುವುದಿಲ್ಲ. ನಾನು “ಇಲ್ಲ” ಎಂದರೆ ಇಲ್ಲ. ಅಂಗಡಿಯವರೇ ನೋ ಕಾಸ್ಟ್ ಎಂದು ಬರೆದಿದ್ದಾರಲ್ಲ, ನಾನೇನು ಸುಳ್ಳು ಹೇಳಿದಂತಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಕೆಂಪು ಕೀಬೋರ್ಡ್ ಕನಸಲ್ಲೂ ಬಂತು. ಎರಡು ದಿನವೂ ಅಬ್ಬಾ ಏನೂ ಕೇಳಲಿಲ್ಲ. ಅದೇ ಕಷ್ಟವಾಯಿತು. ಕೇಳಿದ್ದರೆ ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆನೇನೋ.

ಮೂರನೇ ದಿನ ಪುಸ್ತಕ ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. ಒಂದೊಂದೇ ಸಾಲು ತೋರಿಸಿದೆ. ಮೊದಲ ತಿಂಗಳ 6,000ದಲ್ಲಿ 831 ರೂಪಾಯಿ ಬಡ್ಡಿ, ಉಳಿದದ್ದು ಅಸಲು, ಎರಡನೇ ತಿಂಗಳು ಬಡ್ಡಿ ಸ್ವಲ್ಪ ಕಡಿಮೆ, ಹೀಗೆ. ಅಬ್ಬಾ ಬೆರಳಿಟ್ಟು ಕೊನೆಯ ಸಾಲಿನವರೆಗೂ ಬಂದರು. ಬೈಯುತ್ತಾರೆ ಅಥವಾ ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹೋಗಿ ಟ್ರಂಕ್ ತೆರೆದು, ತಳದಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು.

“ಇದರದ್ದೂ ಮಾಡು,” ಎಂದರು.

ಅದು ನಮ್ಮ ಸ್ಕೂಟರಿನ ಸಾಲದ ಕಾಗದ. ನಾನು ಪ್ರೈಮರಿಯಲ್ಲಿದ್ದಾಗ ಕೊಂಡದ್ದು. 50,000 ಸಾಲ, ‘ಬಡ್ಡಿ ಶೇ 10’, 36 ಕಂತು. ವರ್ಷಕ್ಕೆ 5,000ದಂತೆ ಮೂರು ವರ್ಷಕ್ಕೆ 15,000 ಸೇರಿಸಿ, 65,000ವನ್ನು 36ರಿಂದ ಭಾಗಿಸಿದ್ದರು. ಕಂತು 1,806. ನೋಡಲು ಸರಿಯಾಗಿಯೇ ಇದೆ. ಆದರೆ ಎರಡನೇ ವರ್ಷದ ಹೊತ್ತಿಗೆ ಅಸಲು ಎಷ್ಟೋ ತೀರಿರುತ್ತದೆ, ಬಡ್ಡಿ ಮಾತ್ರ ಪೂರ್ತಿ 50,000ಕ್ಕೇ ನಡೆದಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ 10 ಅಲ್ಲ, ಶೇ 18ರ ಹತ್ತಿರ. ಎರಡು ಸಲ ಹಾಕಿದೆ. ಅದೇ ಬಂತು.

ಹೇಳಬೇಕೋ ಬೇಡವೋ ಎಂದು ಅಮ್ಮಿಯ ಕಡೆ ನೋಡಿದೆ. ಹೇಳಿದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ ಮನೆಯಲ್ಲಿ ಲೆಕ್ಕ ಬರೋರು ಯಾರೂ ಇರಲಿಲ್ಲ,” ಎಂದರು. ಕಾಗದವನ್ನು ಮತ್ತೆ ಮಡಚಿ ಕವರಿಗೆ ಹಾಕಿದರು. ಆ ಸಾಲ ತೀರಿದ ಮೇಲೆ ಬಡ್ಡಿಯ ಬಾಗಿಲಿಗೆ ಹೋಗಬಾರದು ಎಂದು ಅವರು ನಿಶ್ಚಯ ಮಾಡಿದ್ದು ನನಗೆ ಗೊತ್ತಾದದ್ದು ಅವತ್ತೇ.

ಇನ್ನು ದುಡ್ಡು ಎಲ್ಲಿಂದ? ಅಮ್ಮಿ ನಮ್ಮ ಬೀದಿಯ ಹೆಂಗಸರ ಜೊತೆ ಚೀಟಿ ಹಾಕುತ್ತಾರೆ. 20 ಜನ, ತಿಂಗಳಿಗೆ 2,500. ಹರಾಜಿಲ್ಲ, ಕಮಿಷನ್ ಇಲ್ಲ. ಡಬ್ಬದಿಂದ ಹೆಸರು ಎತ್ತುವುದು, ಬಂದವರಿಗೆ ಪೂರ್ತಿ 50,000. ಅದು ಸೋರುವ ತಾರಸಿಗೆಂದು ಇಟ್ಟ ಚೀಟಿ. ಡಿಸೆಂಬರ್‌ನಲ್ಲಿ ಅಮ್ಮಿಯ ಹೆಸರು ಬಂತು. “ಮಳೆ ಬರೋದು ಜೂನ್‌ಗೆ. ಅಷ್ಟರೊಳಗೆ ತಾರಸಿ ನನ್ನ ಸಂಬಳದಲ್ಲಿ ಆಗುತ್ತೆ. ಲ್ಯಾಪ್‌ಟಾಪ್ ಇಬ್ಬರದ್ದು,” ಎಂದು ಆಪಾ ಹೇಳಿದಳು. ನಾನು ತಲೆಯಾಡಿಸಿದೆ. ಬೇರೆ ಏನು ಹೇಳಲಿ?

ಎಸ್.ಪಿ. ರೋಡಿಗೆ ಮತ್ತೆ ಹೋದೆವು. ಈ ಸಲ ಅಬ್ಬಾ ಕೂಡ ಬಂದರು. ದುಡ್ಡನ್ನು ಅಂಗಿಯ ಒಳಜೇಬಿನಲ್ಲಿಟ್ಟು ಅದರ ಮೇಲೆ ಕೈಯಿಟ್ಟುಕೊಂಡೇ ನಡೆದರು. ನಾವು ತಂದದ್ದು 15.6 ಇಂಚಿನ, ನಂಬರ್ ಪ್ಯಾಡ್ ಇರುವ, ರೈಜನ್ 5 ಪ್ರೊಸೆಸರ್‌ನ ಸಾದಾ ಲ್ಯಾಪ್‌ಟಾಪ್. 46,500. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಕೀಬೋರ್ಡ್ ಕೆಂಪಗೆ ಹೊಳೆಯುವುದಿಲ್ಲ. ಆದರೆ ಒಂದು ಉಪಾಯ ಅಂಗಡಿಯ ಅದೇ ಹುಡುಗ ಹೇಳಿದ. ಇಂಥವುಗಳಲ್ಲಿ ಗ್ರಾಫಿಕ್ಸ್ ಭಾಗ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಎಂಟು ಜಿಬಿಯ ಒಂದೇ ರ‍್ಯಾಮ್ ಇದ್ದರೆ ಒಂದೇ ದಾರಿಯಲ್ಲಿ ಗಾಡಿ ಓಡಿದ ಹಾಗೆ. ಖಾಲಿ ಇರುವ ಜಾಗಕ್ಕೆ ಇನ್ನೊಂದು ಎಂಟು ಜಿಬಿ ಹಾಕಿದರೆ ದಾರಿ ಎರಡಾಗುತ್ತದೆ, ಗೇಮಿಗೆ ಒಳ್ಳೆಯದು. 2,000 ಕೊಟ್ಟು ಹಾಕಿಸಿದೆವು. ಒಟ್ಟು 48,500. ಬಿಲ್ಲಿನಲ್ಲಿ ಜಿಎಸ್‌ಟಿ ಎಷ್ಟು ಎಂದು ಅಬ್ಬಾ ನನ್ನನ್ನೇ ಕೇಳಿದರು.

ವ್ಯಾಲೊರಂಟ್ ಓಡುತ್ತದೆ. ಸೆಟ್ಟಿಂಗ್ ಎಲ್ಲ ಕೆಳಗಿಟ್ಟರೆ ಚೆನ್ನಾಗಿಯೇ ಓಡುತ್ತದೆ. ದೊಡ್ಡ ದೊಡ್ಡ ಗೇಮ್‌ಗಳು ಓಡುವುದಿಲ್ಲ, ಪ್ರಯತ್ನಿಸಿ ಸೋತಿದ್ದೇನೆ. ಬೇಸರ ಇಲ್ಲ ಎಂದರೆ ಅದು ಸುಳ್ಳು. ಗೆಳೆಯನೊಬ್ಬನ ಮನೆಯಲ್ಲಿ 3050 ನೋಡಿ ಬಂದ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಆಪಾ ಮಾತ್ರ, “ನಮ್ಮ ಆಫೀಸಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ 40 ಸವಕಳಿ ಬರೀತೀವಿ. ನಿನ್ನ 72,000 ನಿನ್ನ ಬಿ.ಕಾಂ. ಮುಗಿಯೋ ಹೊತ್ತಿಗೆ 15,552,” ಎಂದು ಸಮಾಧಾನ ಹೇಳಿದಳು. ಸಮಾಧಾನ ಹೇಳುವ ರೀತಿ ಇದು!

ಸದ್ಯ ಪರೀಕ್ಷೆ ಮುಗಿಯುವವರೆಗೆ ಪಾಸ್‌ವರ್ಡ್ ಆಪಾ ಹತ್ತಿರ ಇದೆ. ಭಾನುವಾರ ಒಂದು ಗಂಟೆ ಮಾತ್ರ ನನಗೆ. ಹೋದ ಭಾನುವಾರ ನನ್ನ ಸಮಯ ಶುರುವಾಗುವ ಮೊದಲೇ, ಅಬ್ಬಾ ಜೊತೆ ನೇಯುವ ಒಬ್ಬ ಚಾಚಾ ಮನೆಗೆ ಬಂದರು. ಕೈಯಲ್ಲಿ ಫ್ರಿಜ್ಜಿನ ಕಂತಿನ ಕಾಗದ. ಅಬ್ಬಾ ಅವರನ್ನು ಕೂರಿಸಿ, ಮಗ್ಗದ ಮನೆಯ ಜೋರು ದನಿಯಲ್ಲೇ, “ನಮ್ಮ ಹುಡುಗ ನೋಡಿ ಹೇಳ್ತಾನೆ,” ಎಂದರು. ಎಕ್ಸೆಲ್ ತೆರೆಯಲು ಆಫೀಸಿನಲ್ಲಿದ್ದ ಆಪಾಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಬೇಕಾಯಿತು. ಗೇಮ್ ಆಡಲಿಕ್ಕೆ ಎಂದುಕೊಂಡು ಅವಳು ಮೊದಲು ಕೊಡಲೇ ಇಲ್ಲ.